ಟಿವಿಗೆ ಸಿಕ್ಕಿಸುವ ಹಾರ್ಡ್ ಡಿಸ್ಕ್‌ನಲ್ಲಿ ಮದುವೆ ವಿಡಿಯೊ ಬೇಡ

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನನ್ನ ಪಾಲಿಗೆ ಬರುವುದು ಕೆಟ್ಟ ಹಾರ್ಡ್ ಡಿಸ್ಕ್‌ನಿಂದ ಫೈಲು ತೆಗೆಯುವ ಕೆಲಸ. ಡಿಸ್ಕ್ ತಂದವರನ್ನು ಮೊದಲು ಕೇಳುತ್ತೇನೆ, 'ಇದನ್ನ ಎಲ್ಲಿಗೆ ಹಾಕಿದ್ರಿ?' 'ಟಿವಿಗೆ' ಅನ್ನುವವರೇ ಜಾಸ್ತಿ.

ಜೇಬಿಗೆ ಹಿಡಿಯುವ ಎರಡೂವರೆ ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಇಲ್ಲ, ಕರೆಂಟೂ ಯುಎಸ್‌ಬಿ ಕೇಬಲ್‌ನಿಂದಲೇ. ಯುಎಸ್‌ಬಿ 2.0 ಲೆಕ್ಕದಲ್ಲಿ ಸಿಗುವುದು 500 ಮಿಲಿಆಂಪ್, 3.0 ಆದರೆ 900. ಟಿವಿಯ ಪೋರ್ಟ್ 2.0 ಆಗಿದ್ದರೆ, ಒಳಗಿನ ತಟ್ಟೆ ತಿರುಗಲು ಶುರುವಾಗುವಾಗ ಆ 500 ಸಾಲದೇ ಹೋಗಬಹುದು. ಆಗ ಟಕ್ ಟಕ್ ಅನ್ನುತ್ತದೆ, ಟಿವಿಯಲ್ಲಿ ಕಾಣುವುದಿಲ್ಲ. ಡಿಸ್ಕ್ ಸತ್ತೇ ಹೋಯಿತೆಂದು ಗಾಬರಿಯಾಗಿ ಬರುತ್ತಾರೆ. ಗಿಡ್ಡ ಕೇಬಲ್ ಹಾಕಿ ಕಂಪ್ಯೂಟರ್‌ನ 3.0 ಪೋರ್ಟಿಗೆ ಕೊಟ್ಟರೆ ಕೆಲವು ಸುಮ್ನೆ ಓಡುತ್ತವೆ. ಅಂಥವರ ಹತ್ತಿರ ದುಡ್ಡು ಕೇಳಲು ನಮ್ಮ ಓನರ್‌ಗೂ ಮನಸ್ಸಾಗುವುದಿಲ್ಲ. ಅಲ್ಲೂ ಟಕ್ ಟಕ್ ನಿಲ್ಲದಿದ್ದರೆ ತಟ್ಟೆಯಿಂದ ಫೈಲು ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಹಾಕಿ ನೋಡಬೇಡಿ, ತಟ್ಟೆಗೆ ಗೀರು ಬಿದ್ದರೆ ಫೈಲಿನ ಆಸೆ ಬಿಡಬೇಕು.

ಇದಕ್ಕಿಂತ ಹೊಟ್ಟೆ ಉರಿಯುವುದು ಡಿಸ್ಕ್ ಚೆನ್ನಾಗಿದ್ದೂ ಖಾಲಿಯಾಗಿ ಬಂದಾಗ. ಕೆಲವು ಟಿವಿಗಳಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಬಹುದು. ಅದಕ್ಕೆ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಅಂತ ಟಿವಿ ಕೇಳುತ್ತದೆ. ರಿಮೋಟ್ ಮಕ್ಕಳ ಕೈಯಲ್ಲಿ. ಓಕೆ ಒತ್ತಿದರೆ ಮುಗಿಯಿತು. ಆಮೇಲೆ ಆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಅದೂ ಫಾರ್ಮ್ಯಾಟ್ ಮಾಡು ಅನ್ನುತ್ತದೆ, ಇವರು ಅಲ್ಲೂ ಓಕೆ ಒತ್ತಿಯೇ ನಮ್ಮ ಹತ್ತಿರ ಬರುತ್ತಾರೆ! ಏನನ್ನೂ ಒತ್ತದೆ, ಹೊಸದೇನನ್ನೂ ತುಂಬದೆ ತಂದರೆ ಎಷ್ಟೋ ಸಲ ಹಳೆಯ ಫೈಲುಗಳು ಸಿಗುತ್ತವೆ. ಅವುಗಳ ಜಾಗದಲ್ಲಿ ಧಾರಾವಾಹಿ ರೆಕಾರ್ಡ್ ಆಗಿಬಿಟ್ಟಿದ್ದರೆ ಯಾರ ಕೈಯಲ್ಲೂ ಆಗುವುದಿಲ್ಲ.

ಟಿವಿಯ ಹಿಂದೆ ಸಿನಿಮಾ ಡಿಸ್ಕ್ ಇರಲಿ, ಹೋದರೆ ಹೋಯಿತು. ಮದುವೆ, ನಾಮಕರಣದ್ದು ಬೇರೆ ಡಿಸ್ಕಿನಲ್ಲಿ ಬೀರುವಿಗೆ ಹೋಗಲಿ. ನೋಡಬೇಕು ಅನಿಸಿದಾಗ ಪೆನ್ ಡ್ರೈವ್‌ಗೆ ಕಾಪಿ ಮಾಡಿ ಟಿವಿಗೆ ಹಾಕಿ. ವಿಡಿಯೊ 4 ಜಿಬಿಗಿಂತ ದೊಡ್ಡದಿದ್ದರೆ ಪೆನ್ ಡ್ರೈವ್ ಎಫ್‌ಎಟಿ32 ಅನ್ನುವ ಫಾರ್ಮ್ಯಾಟ್‌ನಲ್ಲಿ ಇರಬಾರದು, ಅಷ್ಟು ದೊಡ್ಡ ಫೈಲು ಅದರಲ್ಲಿ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿಕೊಳ್ಳಿ, ಈಚಿನ ಹೆಚ್ಚಿನ ಟಿವಿಗಳು ಓದುತ್ತವೆ.

'ಒಂದೇ 4 ಟಿಬಿ ತಗೊಂಡ್ರೆ ಸಾಕಲ್ವಾ ಸರ್, ಎರಡು ಯಾಕೆ?' ಅಂತ ಕೇಳುತ್ತಾರೆ. ನಾನು 2 ಟಿಬಿಯದು ಎರಡು ತಗೊಳ್ಳಿ ಅನ್ನುತ್ತೇನೆ. ಬಿಲ್ ಸ್ವಲ್ಪ ಏರುತ್ತದೆ, ನಿಜ. ಫೋಟೋಗಳ ಇನ್ನೊಂದು ಕಾಪಿಗೆ ಹಳೆ ಲ್ಯಾಪ್‌ಟಾಪ್ ಆದರೂ ಸಾಕು, ಅದು ಅಣ್ಣನ ಮನೆಯಲ್ಲೋ ತಂಗಿ ಮನೆಯಲ್ಲೋ ಇದ್ದರೆ ಇನ್ನೂ ಒಳ್ಳೆಯದು.