ಹಿಂದಿನ ನಾಲ್ವರನ್ನು ನೋಡು

2015ರ ಮೇ 31ರ ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಜೋರು ಮಳೆ. ಅಪ್ಪನೂ ನಾನೂ ತೊಯ್ದು ತೊಪ್ಪೆಯಾಗಿದ್ದೆವು. ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ ಕೊನೆಯ ಪಂದ್ಯ ಅದು. ಕೋಲ್ಕತ್ತದ ಮೋಹನ್ ಬಾಗನ್‌ಗೆ ಡ್ರಾ ಸಾಕಿತ್ತು, ನಮ್ಮ ಬೆಂಗಳೂರು ಎಫ್‌ಸಿಗೆ ಗೆಲುವೇ ಬೇಕಿತ್ತು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಿದ್ದರು. 87ನೇ ನಿಮಿಷದವರೆಗೂ ಪ್ರಶಸ್ತಿ ನಮ್ಮ ಕೈಯಲ್ಲೇ ಇತ್ತು. ಆಗ ಬಾಗನ್‌ನ ಸೋನಿ ನೋರ್ಡೆ ಮೈದಾನದ ಮೂಲೆಯಿಂದ ಕಾರ್ನರ್ ಎತ್ತಿದರು, ಅವರದೇ ತಂಡದ ಬೆಲ್ಲೊ ರಝಾಕ್ ತಲೆಕೊಟ್ಟು ಗೋಲು ಮಾಡಿದರು. 1-1. ಅಪ್ಪ ಕನ್ನಡಕ ತೆಗೆದು ಒದ್ದೆ ಅಂಗಿಯಲ್ಲೇ ಒರೆಸಿದರು, ಮನೆ ತಲುಪುವವರೆಗೂ ಮತ್ತೆ ಹಾಕಿಕೊಳ್ಳಲಿಲ್ಲ.

ಆ ತಂಡವನ್ನು ಕಟ್ಟಿದವರು ಆಶ್ಲಿ ವೆಸ್ಟ್‌ವುಡ್. ಇಂಗ್ಲೆಂಡಿನ ಡಿಫೆಂಡರ್, ಅಂದರೆ ತಂಡದ ಹಿಂಬದಿಯಲ್ಲಿ ನಿಂತು ಎದುರಾಳಿಯ ದಾಳಿ ತಡೆಯುವ ಆಟಗಾರ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದರೂ ಹಿರಿಯರ ತಂಡದಲ್ಲಿ ಆಡುವ ಯೋಗ ಅವರಿಗೆ ಬರಲಿಲ್ಲ. ಬ್ರಾಡ್‌ಫರ್ಡ್ ಪರವಾಗಿ ಕೆಲವೇ ಪ್ರೀಮಿಯರ್ ಲೀಗ್ ಪಂದ್ಯಗಳು ಸಿಕ್ಕವು. ಉಳಿದದ್ದೆಲ್ಲ ಕ್ರೂ, ನಾರ್ಥಾಂಪ್ಟನ್, ಚೆಸ್ಟರ್, ಸ್ಟೀವನೇಜ್, ರೆಕ್ಸಮ್ ಎಂದು ಊರಿಂದೂರಿಗೆ ಅಲೆದ ಬದುಕು.

2013ರಲ್ಲಿ ಹೊಸ ಕ್ಲಬ್ಬಿನ ಮೊದಲ ಕೋಚ್ ಆಗಿ ಬಂದಾಗ ಇಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆ ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಎದುರಾಳಿ ಅದೇ ಮೋಹನ್ ಬಾಗನ್, ಫಲಿತಾಂಶ ಅದೇ 1-1. ಬಿಸಿಲಿಗೆ ಕಾದ ಸಿಮೆಂಟ್ ಮೆಟ್ಟಿಲ ಮೇಲೆ ಪತ್ರಿಕೆ ಹಾಸಿಕೊಂಡು ಕುಳಿತಿದ್ದೆವು. ನನ್ನ ಕಣ್ಣೆಲ್ಲ ನಮ್ಮ ಗೋಲುಗಾರ ಸುನಿಲ್ ಛೆಟ್ರಿಯ ಮೇಲೆ. ಹರೆಯದಲ್ಲಿ ಆಸ್ಟಿನ್ ಟೌನ್ ಮೈದಾನದಲ್ಲಿ ತಾವೂ ಡಿಫೆಂಡರ್ ಆಗಿದ್ದ ಅಪ್ಪ, "ಚೆಂಡನ್ನು ಬಿಡು, ಹಿಂದಿನ ನಾಲ್ವರನ್ನು ನೋಡು" ಎಂದರು.

ಆ ಋತುವಿನಲ್ಲಿ ನೋಡುತ್ತ ನೋಡುತ್ತ ನನಗೂ ಕಾಣತೊಡಗಿತು. ಚೆಂಡು ಆ ತುದಿಯಲ್ಲಿದ್ದಾಗಲೂ ಆ ನಾಲ್ವರು ಡಿಫೆಂಡರ್‌ಗಳಲ್ಲಿ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಸುಮ್ಮನೆ ನಿಲ್ಲುತ್ತಿರಲಿಲ್ಲ. ಒಬ್ಬರು ಎರಡು ಹೆಜ್ಜೆ ಸರಿದರೆ ಇನ್ನೊಬ್ಬರೂ ಎರಡು ಹೆಜ್ಜೆ ಸರಿಯುತ್ತಿದ್ದರು, ನಡುವೆ ಹಗ್ಗ ಕಟ್ಟಿದ ಹಾಗೆ. ಅವರಿಬ್ಬರೂ ಇಂಗ್ಲೆಂಡಿನ ಕೆಳ ಡಿವಿಷನ್‌ಗಳಲ್ಲಿ ಪಳಗಿದವರೇ. ದೊಡ್ಡ ಹೆಸರಿಲ್ಲದ ಆಟಗಾರನಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದು ವೆಸ್ಟ್‌ವುಡ್‌ಗೆ ಗೊತ್ತಿತ್ತು, ಏಕೆಂದರೆ ಅವರೇ ಅಂಥ ಆಟಗಾರರಾಗಿದ್ದರು. ತಾರೆಯಾಗಿ ಮೆರೆದ ಕೋಚ್ ಒಬ್ಬರು ಬಂದಿದ್ದರೆ ನಮಗೆ ಈ ತಂಡ ಸಿಗುತ್ತಿರಲಿಲ್ಲ ಎಂದೇ ಇಂದಿಗೂ ನಂಬಿದ್ದೇನೆ. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ, ಮೊದಲ ವರ್ಷವೇ ಲೀಗ್ ಗೆದ್ದೆವು. ಆ ಮಳೆಯ ಸಂಜೆಯ ಮರುವರ್ಷ, 2016ರಲ್ಲಿ, ಮತ್ತೆ ಗೆದ್ದೆವು. ಆಮೇಲೆ ವೆಸ್ಟ್‌ವುಡ್ ಹೊರಟುಹೋದರು.

2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ, ವಿಶ್ವಕಪ್ ಅರ್ಹತಾ ಸುತ್ತಿನದು. ಎದುರಿಗೆ ತನ್ನ ನೆಲದಲ್ಲಿ ತವರಿನ ಪಂದ್ಯವನ್ನೂ ಆಡಲಾಗದ ಆಫ್ಘಾನಿಸ್ತಾನ, ಅದರ ಕೋಚ್ ವೆಸ್ಟ್‌ವುಡ್. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ನಾನು ಸೋಫಾದಿಂದ ಎದ್ದು ಕುಣಿದೆ. 70ನೇ ನಿಮಿಷದಲ್ಲಿ ಆಫ್ಘನ್ನರು ಸಮ ಮಾಡಿದರು. 88ನೇ ನಿಮಿಷದಲ್ಲಿ ಅವರಿಗೂ ಪೆನಾಲ್ಟಿ ಸಿಕ್ಕಿತು, 2-1ರಿಂದ ಅವರೇ ಗೆದ್ದರು.

ನನಗೆ ಅಳುವೇ ಬಂದಿತ್ತು. ಪಕ್ಕದಲ್ಲಿ ಅಪ್ಪ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, ಚೆಂಡು ಎಲ್ಲಿದೆ ಎಂಬ ಪರಿವೆಯೂ ಇಲ್ಲದೆ, ಆಫ್ಘಾನಿಸ್ತಾನದ ಹಿಂದಿನ ನಾಲ್ವರನ್ನೇ ನೋಡುತ್ತಿದ್ದರು.