ಜಿಮ್ ಟ್ರೈನರ್ ಆಗಲಿಕ್ಕೆ ಇಷ್ಟು ಓದಬೇಕಾ?

ಮಂಗಳೂರಿನ ಹೊರವಲಯದ ಸಣ್ಣ ವಿಶ್ವವಿದ್ಯಾಲಯವೊಂದರಲ್ಲಿ ನಾನು ಎಕ್ಸರ್‌ಸೈಜ್ ಫಿಸಿಯಾಲಜಿ ಮತ್ತು ಕಿನೆಸಿಯಾಲಜಿ (ವ್ಯಾಯಾಮದಲ್ಲಿ ದೇಹ ಕೆಲಸ ಮಾಡುವ, ಚಲಿಸುವ ಬಗೆಯ ಅಧ್ಯಯನ) ಓದುತ್ತಿದ್ದೇನೆಂದು ತಿಳಿದ ಕೂಡಲೇ ಜನರು ಕೇಳುವ ಪ್ರಶ್ನೆಯಿದು. ಅದರ ಬೆನ್ನಿಗೇ ‘ಮೆಡಿಕಲ್ ಸೀಟು ಸಿಗಲಿಲ್ಲವಾ?’ ಎಂಬುದೂ ಬರುತ್ತದೆ. ಆ ಸೀಟಿಗೆ ನಾನು ಪ್ರಯತ್ನಿಸಲೇ ಇಲ್ಲ. ದುಡಿಯುತ್ತಿರುವ ದೇಹವನ್ನು ಅರಿಯುವ ಈ ವಿದ್ಯೆ ಯಾವುದರ ಉಳಿಕೆಯೂ ಅಲ್ಲ. ಸ್ನಾಯುಗಳು ಹೊಮ್ಮಿಸುವ ಶಾಖವನ್ನೂ ಅವುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಮತ್ತು ಆಮ್ಲಜನಕಕ್ಕಿರುವ ಸಂಬಂಧವನ್ನೂ ಶೋಧಿಸಿದ ಎ. ವಿ. ಹಿಲ್ ಮತ್ತು ಓಟ್ಟೊ ಮೇಯರ್‌ಹಾಫ್ ಅವರಿಗೆ 1922ರ ವೈದ್ಯಕೀಯ ನೊಬೆಲ್ ಸಂದಿದೆ. ಹೃದಯದ ಶಸ್ತ್ರಚಿಕಿತ್ಸೆಯಾದವರು ದಿನಕ್ಕೆಷ್ಟು ನಡೆಯಬಹುದೆಂದು ಅಳೆದು ಹೇಳುವ ಕೆಲಸವೂ ನಮ್ಮದೇ. ಇನ್ನು, ಸಣ್ಣ ವಿಶ್ವವಿದ್ಯಾಲಯವಾದ್ದರಿಂದಲೇ ನಮ್ಮಲ್ಲಿ ಪ್ರತಿಯೊಬ್ಬರೂ ಮುಖಕ್ಕೆ ಮಾಸ್ಕ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ಓಡುತ್ತಾರೆ, ಯಂತ್ರದ ಮುಂದೆ ಕುಳಿತು ಇನ್ನೊಬ್ಬರ ಉಸಿರನ್ನೂ ಅಳೆಯುತ್ತಾರೆ.

ಉಡುಪಿಯ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು, ‘ಕಂಬಳದಲ್ಲಿ ಕೋಣ ಓಡಿಸುವ ಮಿಜಾರಿನ ಶ್ರೀನಿವಾಸ ಗೌಡರು ಓಟಗಾರ ಉಸೇನ್ ಬೋಲ್ಟನನ್ನೇ ಮೀರಿಸಿದರಲ್ಲ ಮಾರಾಯ, ಅವರು ಯಾವ ಯೂನಿವರ್ಸಿಟಿಯಲ್ಲಿ ಓದಿದ್ದು?’ ಎಂದು ಕೇಳಿದರು. ಪಂಕ್ತಿಯೇ ನಕ್ಕಿತು, ಅಷ್ಟರಲ್ಲಿ ಪಾಯಸ ಬಂದು ಮಾತು ಮುರಿಯಿತು. ಅಂದು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

2020ರ ಐಕಳ ಕಂಬಳದಲ್ಲಿ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿಯನ್ನು) 13.62 ಸೆಕೆಂಡುಗಳಲ್ಲಿ ಓಡಿದರು. ಜನರು ಅದನ್ನು ಭಾಗಿಸಿ 100 ಮೀಟರಿಗೆ 9.55 ಎಂದರು. ನಿಂತಲ್ಲಿಂದ ವೇಗ ಪಡೆಯಲು ಹಿಡಿಯುವ ಸಮಯವು ಉದ್ದದ ಓಟದಲ್ಲಿ ಹಂಚಿಹೋಗುವುದರಿಂದ ಈ ಲೆಕ್ಕ ನಿಲ್ಲುವುದಿಲ್ಲ. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದರು. ಅದೇ ವರ್ಷ ಮ್ಯಾಂಚೆಸ್ಟರ್‌ನ 150 ಮೀಟರ್ ಓಟದ ಕೊನೆಯ 100 ಮೀಟರಿಗೆ ಅವರಿಗೆ ಬೇಕಾದದ್ದು 8.70 ಸೆಕೆಂಡು ಮಾತ್ರ. ಇದನ್ನು ಹೇಳುವುದರಿಂದ ಗೌಡರ ಸಾಧನೆ ಕಿರಿದಾಗುವುದಿಲ್ಲ. ಕೆಸರು ಜಾರಿ ಕಾಲಿನ ಒದೆತದ ಒಂದಂಶವನ್ನು ನುಂಗುತ್ತಿರುವಾಗ, ಕೋಣಗಳ ಎಳೆತವನ್ನು ಕೈಗಳಲ್ಲಿ ತಾಳಿಕೊಂಡು, ಅವುಗಳ ಲಯಕ್ಕೆ ಹೆಜ್ಜೆ ಕೂಡಿಸಿ, ಬೀಳದೆ ಓಡುವುದು ಬೋಲ್ಟ್ ಎಂದೂ ಕಲಿಯಬೇಕಾಗಿ ಬಾರದ ಕೌಶಲ.

ಆ ಹಿರಿಯರು ‘ಅಷ್ಟು ಹೊತ್ತು ಅವರ ಮೈಯೊಳಗೆ ಏನಾಗುತ್ತಿತ್ತು?’ ಎಂದು ಕೇಳಿದ್ದರೆ ನಾನು ಪಾಯಸವನ್ನು ಬಿಟ್ಟು ಉತ್ತರಿಸುತ್ತಿದ್ದೆ. ಸ್ನಾಯುವಿಗೆ ನೇರವಾಗಿ ಶಕ್ತಿ ಕೊಡುವ ಅಣುವಾದ ಎಟಿಪಿ ಅದರಲ್ಲಿ ಸಿದ್ಧವಿರುವುದು ಕೆಲವೇ ಕ್ಷಣಗಳಿಗೆ ಸಾಲುವಷ್ಟು. ಸ್ನಾಯುವಿನಲ್ಲೇ ಇರುವ ಫಾಸ್ಫೋಕ್ರಿಯೇಟಿನ್ ಎಂಬ ಇನ್ನೊಂದು ಸಂಯುಕ್ತ ಅದನ್ನು ಮತ್ತೆ ಕಟ್ಟಿಕೊಡುತ್ತದೆಯಾದರೂ ಬೇಗನೆ ಕುಗ್ಗುತ್ತದೆ. ಮೊದಲಿನಿಂದಲೇ ಜೊತೆಗಿದ್ದ ಇನ್ನೊಂದು ಕ್ರಿಯೆ, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಆಮ್ಲಜನಕದ ನೆರವಿಲ್ಲದೆ ಒಡೆದು ಲ್ಯಾಕ್ಟೇಟ್ ಆಗುವುದು, ಕೊನೆಗೆ ಹೆಚ್ಚಿನ ಹೊರೆ ಹೊರುತ್ತದೆ. ಆ ಲ್ಯಾಕ್ಟೇಟ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪುವುದು ಓಟ ಮುಗಿದ ಕೆಲವು ನಿಮಿಷಗಳ ನಂತರ; ಮಂಜೊಟ್ಟಿ (ಕರೆಯ ಕೊನೆಯ ಗುರಿ) ಹತ್ತಿದ ಕೂಡಲೇ ಬೆರಳು ಚುಚ್ಚಿ ರಕ್ತ ತೆಗೆದರೆ ಪೂರ್ಣ ಅಂಕಿ ಸಿಗುವುದಿಲ್ಲ.

ಕೋಣಗಳ ಎಳೆತದ ಪಾಲು ಎಷ್ಟು, ಕಾಲುಗಳ ಪಾಲು ಎಷ್ಟು ಎಂಬುದನ್ನು ಹಗ್ಗಕ್ಕೆ ಬಲಮಾಪಕ ಕಟ್ಟಿ ಅಳೆಯಬೇಕೆಂಬುದು ನನ್ನ ಆಸೆ. ಸ್ಪರ್ಧೆಯ ದಿನ ಬೇಡ, ಅಭ್ಯಾಸದ ಕುದಿ ಕಂಬಳದಲ್ಲಿ ಸಾಕು. ಕೋಣಗಳ ಯಜಮಾನರು ಯಾರಾದರೂ ಒಪ್ಪಿದರೆ ಉಪಕರಣಗಳೊಂದಿಗೆ ನಾನೇ ಬರುತ್ತೇನೆ.