ಕಾಶಿಯಲ್ಲಿ ಅವ್ವನ ಹೆಸರಿನ ಲಿಂಗ

ತೀರಿಕೊಂಡವರ ಸಲುವಾಗಿ ಕಾಶಿಗೆ ಹೋಗುವವರು ಸಾಮಾನ್ಯವಾಗಿ ಅಸ್ಥಿಯ ಗಂಟನ್ನು ಒಯ್ಯುತ್ತಾರೆ. ನಮ್ಮ ಬಳಿ ಅದು ಇರಲಿಲ್ಲ. ನಮ್ಮ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಹೋದ ವರ್ಷ ಅವ್ವನನ್ನು ಗದಗಿನ ಹತ್ತಿರದ ನಮ್ಮ ಹೊಲದಲ್ಲಿ ಕುಳ್ಳಿರಿಸಿ, ಆಕೆಯ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆಗಳೊಂದಿಗೆ ಮಣ್ಣು ಮಾಡಿದ್ದೆವು. ಕಾಶಿಯನ್ನು ಒಮ್ಮೆ ನೋಡಬೇಕೆಂದು ಆಕೆ ಇಪ್ಪತ್ತು ವರ್ಷ ಹೇಳುತ್ತಲೇ ಬಂದಿದ್ದಳು. ಮೊದಲು ನಮ್ಮ ಓದು, ಆಮೇಲೆ ನಮ್ಮ ಮದುವೆಗಳು, ಕೊನೆಗೆ ಆಕೆಯ ಮೊಣಕಾಲು ಅಡ್ಡ ಬಂದವು. ಆ ಬಾಕಿಯನ್ನು ತೀರಿಸಲೆಂದೇ ಈ ಮಾಘಮಾಸದಲ್ಲಿ ಅಕ್ಕ ಮತ್ತು ನಾನು ಹೊರಟೆವು.

ಹೊರಡುವ ಮುನ್ನ ಸೋದರಮಾವ ಅಕ್ಕನನ್ನು ಕೇಳಿದ್ದರು: "ಎದಿ ಮ್ಯಾಲ ಲಿಂಗ ಕಟಗೊಂಡಾಕಿಗೆ ಕಾಶಿ ಯಾಕವಾ?" ಒಂದೆಡೆ ನೆಲೆನಿಂತ ಸ್ಥಾವರಕ್ಕಿಂತ ನಡೆದಾಡುವ ಜಂಗಮವೇ ದೊಡ್ಡದೆಂದ ಶರಣರ ಮಾತನ್ನು ಕೇಳಿ ಬೆಳೆದ ಮನೆಯಲ್ಲಿ ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಅಕ್ಕ ಉತ್ತರ ಕೊಡಲಿಲ್ಲ. ನನಗೂ ಆಗ ಉತ್ತರ ತಿಳಿದಿರಲಿಲ್ಲ.

ಬೆಳಗಿನ ಜಾವ ಕೇದಾರ ಘಾಟಿನ ಮೆಟ್ಟಿಲಿಳಿದಾಗ ಮಂಜಿನಲ್ಲಿ ಎದುರಿನ ದಡವೇ ಕಾಣುತ್ತಿರಲಿಲ್ಲ. ಗಂಗೆ ಇಲ್ಲಿ ಉತ್ತರವಾಹಿನಿ. ವರುಣಾ ಮತ್ತು ಅಸ್ಸಿ ನದಿಗಳ ನಡುವಿನ ಈ ಊರಿಗೆ ಅವುಗಳಿಂದಲೇ ವಾರಾಣಸಿ ಎಂಬ ಹೆಸರು ಬಂದಿತೆನ್ನುತ್ತಾರೆ. ಸ್ನಾನ ಮುಗಿಸಿ ದೋಣಿ ಹತ್ತಿ ಮಣಿಕರ್ಣಿಕೆಯವರೆಗೆ ಹೋದೆವು. ಸೌದೆಯ ರಾಶಿಗಳು, ಒಂದರ ಪಕ್ಕದಲ್ಲೊಂದು ಉರಿಯುತ್ತಿದ್ದ ಚಿತೆಗಳು, ಅವುಗಳ ನಡುವೆ ಯಾವ ಅವಸರವೂ ಇಲ್ಲದೆ ಕೆಲಸ ಮಾಡುತ್ತಿದ್ದ ಜನ. ಕಾಶಿಯಲ್ಲಿ ಪ್ರಾಣ ಬಿಡುವವರ ಬಲಗಿವಿಯಲ್ಲಿ ಸಾಕ್ಷಾತ್ ವಿಶ್ವನಾಥನೇ ತಾರಕಮಂತ್ರವನ್ನು ಉಸುರುತ್ತಾನೆಂಬುದು ಇಲ್ಲಿನ ನಂಬಿಕೆ. ಅದನ್ನು ದೋಣಿಯವನು ಹೇಳುತ್ತಿದ್ದಾಗ, ನನಗೆ ದೀಕ್ಷೆಯಾದ ದಿನ ಗುರುಗಳು ಕಿವಿಯಲ್ಲಿ ಪಂಚಾಕ್ಷರಿಯನ್ನು ಉಸುರಿದ್ದು, ಅವ್ವ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದದ್ದು ನೆನಪಾಯಿತು. ಇಲ್ಲಿ ಬದುಕಿನ ತುದಿಯಲ್ಲಿ ಸಿಗುವ ಮಂತ್ರ ನಮ್ಮಲ್ಲಿ ಮೊದಲಿಗೇ ಸಿಕ್ಕಿರುತ್ತದೆ.

ವಿಶ್ವನಾಥನ ದರ್ಶನ ಬೇಗನೆ ಮುಗಿಯಿತು. 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಈಗಿನ ಗುಡಿ ಚಿಕ್ಕದು. 2021ರಲ್ಲಿ ಅದರ ಸುತ್ತ ತೆರೆದ ವಿಶಾಲ ಪ್ರಾಂಗಣದಲ್ಲಿ ಜನಸಾಗರವೇ ಇದ್ದರೂ ಗರ್ಭಗುಡಿಯ ಎದುರು ನಮಗೆ ದೊರೆತದ್ದು ಕೆಲವೇ ಕ್ಷಣ. ಆ ಕ್ಷಣಕ್ಕೆ ನಾನು ಋಣಿ. ಆದರೆ ನಾವು ಬಂದ ಕೆಲಸ ಬೇರೆಡೆ ಇತ್ತು.

ಗೋದೌಲಿಯಾ ವೃತ್ತದಿಂದ ಮದನಪುರದ ಕಡೆಗೆ ನಡೆದರೆ ಜಂಗಮವಾಡಿ ಮಠ ಸಿಗುತ್ತದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿಯ ಜ್ಞಾನಪೀಠವಿದು; ಮೊಘಲ್ ಬಾದಶಹರು ಈ ಮಠಕ್ಕೆ ಭೂಮಿ ಬಿಟ್ಟುಕೊಟ್ಟ ಫರ್ಮಾನುಗಳೂ ಉಳಿದು ಬಂದಿವೆ. ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಲಿಂಗಗಳು. ಕಟ್ಟೆಯ ಮೇಲೆ, ಗೋಡೆಯ ಬುಡದಲ್ಲಿ, ಮೂಲೆಮೂಲೆಯಲ್ಲಿ, ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕವು, ಮೊಣಕಾಲೆತ್ತರದವು, ಸವೆದು ನುಣುಪಾದವು, ಸಾಲುಸಾಲಾಗಿ ಒತ್ತೊತ್ತಾಗಿ ಕೂತಿವೆ. ತೀರಿಕೊಂಡವರ ಹೆಸರಿನಲ್ಲಿ ಪಿಂಡದ ಬದಲು ಲಿಂಗವನ್ನು ಸ್ಥಾಪಿಸುವುದು ಇಲ್ಲಿನ ಸಂಪ್ರದಾಯ. ಜಂಗಮರ ಹೆಸರು ಹೊತ್ತ ಜಾಗದಲ್ಲಿ ಇಷ್ಟೊಂದು ಸ್ಥಾವರವೇ ಎಂದು ಮಾವ ಕೇಳಬಹುದಿತ್ತು. ಆದರೆ ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಕಲ್ಲಲ್ಲ, ಮಠದ ಜಾತ್ರೆಯಲ್ಲಿ ಪ್ರಸಾದದ ಪಂಕ್ತಿಗೆ ತೊಡೆಗೆ ತೊಡೆ ತಾಗಿಸಿ ಕುಳಿತ ನಮ್ಮೂರಿನ ಜನ.

ಪೂಜೆ ಮಾಡಿಸಿದ ಸ್ವಾಮಿಗಳು ಮರಾಠಿಯ ಛಾಯೆಯಿದ್ದ ಕನ್ನಡದಲ್ಲಿ "ತಾಯಿ ಹೆಸರು? ಯಾವೂರು?" ಎಂದು ಕೇಳಿದರು. ಅಕ್ಕ ಹೆಸರು ಹೇಳಿದಳು. ಊರಿನ ಹೆಸರಿಗೆ ಬಂದಾಗ ಆಕೆಯ ಗಂಟಲು ಕಟ್ಟಿತು, ಅದನ್ನು ನಾನು ಹೇಳಿದೆ. ಗೇಣುದ್ದದ ಕಪ್ಪು ಲಿಂಗಕ್ಕೆ ಗಂಗೆಯ ನೀರೆರೆದು, ಮೂರು ಬೆರಳಿನಿಂದ ವಿಭೂತಿ ಎಳೆದೆವು. ಒದ್ದೆ ಕಲ್ಲಿನ ಮೇಲೆ ಮೊದಲು ಏನೂ ಕಾಣಲಿಲ್ಲ. ನೀರು ಆರುತ್ತ ಬಂದಂತೆ ಮೂರು ಬಿಳಿ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಅವ್ವ ಬೆಳಿಗ್ಗೆ ಮಿಂದು ಬಂದು ವಿಭೂತಿ ಧರಿಸಿದಾಗ ಆಕೆಯ ಹಣೆಯ ಮೇಲೂ ಹೀಗೆಯೇ ಆಗುತ್ತಿತ್ತು. ಮಾವನ ಪ್ರಶ್ನೆ ಆಗ ಮತ್ತೆ ನೆನಪಾಯಿತು. ಕಾಶಿ ಬೇಕಾಗಿದ್ದದ್ದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೇ ಹೋದ ಅವ್ವನಿಗಲ್ಲ, ಉಳಿದ ನಮಗೆ.

ಈ ಊರಿಗೂ ಕನ್ನಡಿಗರಿಗೂ ಇರುವ ನಂಟು ಬಹಳ ಹಳೆಯದು. ಕಾಶಿಯಲ್ಲಿ ತುರುಷ್ಕರು, ಎಂದರೆ ತುರ್ಕಿ ಮೂಲದ ಅರಸರು, ಹೇರಿದ್ದ ತೆರಿಗೆಯನ್ನು ಕಟ್ಟಲು ಕರ್ನಾಟಕದವರಿಗಷ್ಟೇ ಅಲ್ಲದೆ ತೆಲುಗರು, ತುಳುವರು, ಗೌಡದೇಶದವರಿಗೂ (ಬಂಗಾಳದವರಿಗೂ) ನೆರವಾಗಲೆಂದು ಹೊಯ್ಸಳ ಮೂರನೆಯ ನರಸಿಂಹ ಹೆಬ್ಬಾಳೆ ಗ್ರಾಮದ ವರ್ಷದ 645 ನಿಷ್ಕಗಳ (ಚಿನ್ನದ ನಾಣ್ಯಗಳ) ಆದಾಯವನ್ನು ಬಿಟ್ಟುಕೊಟ್ಟದ್ದನ್ನು 1279ರ ಶಾಸನ ಹೇಳುತ್ತದೆ. ಇಷ್ಟು ದೂರದ ಊರಿನಲ್ಲಿ ಬೇರೆ ನುಡಿಯವರ ಕಷ್ಟಕ್ಕೂ ತನ್ನ ನಾಡಿನ ಹಳ್ಳಿಯ ಹುಟ್ಟುವಳಿಯನ್ನು ಕೊಟ್ಟ ಆ ಅರಸನ ಮೇಲೆ ನನಗೆ ತುಂಬಾ ಅಭಿಮಾನ. ಹನುಮಾನ್ ಘಾಟಿನ ಸಮೀಪ ಕರ್ನಾಟಕದ ಹೆಸರಿನ ಘಾಟ್ ಇಂದಿಗೂ ಇದೆ. ಅದರ ಮಗ್ಗುಲಲ್ಲೇ ಹರಿಶ್ಚಂದ್ರ ಘಾಟ್.

ಮಠದಿಂದ ಹೊರಬಿದ್ದು ಮದನಪುರದ ಓಣಿಗೆ ಹೊಕ್ಕರೆ ಮಗ್ಗದ ಸದ್ದು. ಇದು ಬನಾರಸ್ ಸೀರೆ ನೇಯುವ ಮುಸ್ಲಿಂ ನೇಕಾರರ ಕೇರಿ. ಅವ್ವ ಬದುಕಿಡೀ ಇಳಕಲ್ ಸೀರೆಯನ್ನೇ ಉಟ್ಟವಳು; ಒಂದು ಮಗ್ಗದ ಮುಂದೆ ಅಕ್ಕ ಬಹಳ ಹೊತ್ತು ನಿಂತು ಜರಿಯಂಚು ಮೂಡುವುದನ್ನು ನೋಡಿದಳು, ಕೊಳ್ಳಲಿಲ್ಲ.

ಸಂಜೆ ಪಾತ್ರೆ ಅಂಗಡಿಯೊಂದರಲ್ಲಿ ಅಕ್ಕ ಗಂಗಾಜಲ ತುಂಬಿ ಬಾಯಿಗೆ ಬೆಸುಗೆ ಹಾಕುವ ಪುಟ್ಟ ತಾಮ್ರದ ಗಿಂಡಿ ಕೇಳಿದಳು. ನಮ್ಮ ಜಗುಲಿಯ ಮೇಲೆ ಅಜ್ಜಿಯ ಕಾಲದ ಅಂಥದೊಂದು ಗಿಂಡಿಯಿತ್ತು. ಅವ್ವನ ಕೊನೆಯ ರಾತ್ರಿ ಅದರ ಬಾಯಿಯನ್ನು ಚಾಕುವಿನಿಂದ ಒಡೆದು ಒಂದು ಚಮಚ ನೀರನ್ನು ಆಕೆಯ ತುಟಿಗೆ ಬಿಟ್ಟವನು ನಾನು. ಅಂದಿನಿಂದ ಆ ಜಾಗ ಖಾಲಿಯಿತ್ತು. ಅಂಗಡಿಯವನು ಕಾದ ಕಬ್ಬಿಣವನ್ನು ಗಿಂಡಿಯ ಬಾಯಿಗೆ ಒತ್ತಿದಾಗ ಬೆಸುಗೆ ಕರಗಿ ಹೊಳೆಯುತ್ತ ಸುತ್ತಲೂ ಹರಿದು ಗಟ್ಟಿಯಾಯಿತು. ಅಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಸೆರಗಿನಲ್ಲಿ ಸುತ್ತಿಕೊಂಡು, "ಇನ್ನೊಂದು ಕೊಡಿ, ತಮ್ಮನ ಮನಿಗೆ" ಎಂದು ಕನ್ನಡದಲ್ಲೇ ಹೇಳಿದಳು. ಅವನು ಇನ್ನೊಂದನ್ನು ಕೈಗೆತ್ತಿಕೊಂಡ.